ಪರಕಾಯಪ್ರವೇಶ

ಶಂಕರಾಚಾರ್ಯರು ಅಮರುಕರಾಜನ ಮೃತದೇಹವನ್ನು ಪ್ರವೇಶಿಸಿದ ಕಥೆಯನ್ನು ನಮ್ಮ ಮೂವತ್ತೈದು ವರ್ಷಗಳ ಉಪಾಧ್ಯಾಯವೃತ್ತಿಯಲ್ಲಿ ನಾವು ಎಷ್ಟು ಸಲ ಹೇಳಿರಬಹುದೋ ಲೆಕ್ಕವಿಟ್ಟಿಲ್ಲ. ವ್ಯಾಕರಣದ ಪಾಠದಲ್ಲಿ ಮಕ್ಕಳ ಕಣ್ಣುಗಳು ಮುಚ್ಚತೊಡಗಿದಾಗ ಈ ಕಥೆಯನ್ನು ಹೊರಗೆ ತೆಗೆಯುತ್ತಿದ್ದೆವು. ಕಣ್ಣುಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದುವು. ಆಚಾರ್ಯರ ಸ್ವದೇಹವನ್ನು ಶಿಷ್ಯರು ಗುಹೆಯಲ್ಲಿ ಕಾದುಕೊಂಡಿರುವುದು, ಇತ್ತ ಸತ್ತ ರಾಜನು ಎದ್ದು ಕುಳಿತು ಅರಮನೆಗೆ ನಡೆಯುವುದು, ಮಂತ್ರಿಗಳಿಗೆ ಸಂದೇಹ ಹುಟ್ಟುವುದು, ಇಷ್ಟನ್ನು ಹೇಳುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಒಮ್ಮೆ, ಬಾಗೇಪಲ್ಲಿಯ ಕಡೆಯ ಒಂದು ಶಾಲೆಯಲ್ಲಿ, ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, "ಸಾರ್, ರಾಜನ ಮೈಯಲ್ಲಿದ್ದಾಗ ಅವರು ಯಾವ ಭಾಷೆ ಮಾತಾಡಿದರು? ಅವರದೋ, ರಾಜನದೋ?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ಅಧಿಕಪ್ರಸಂಗವೆಂದೆಣಿಸಿ ನಾವು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆವು.

ಆ ಪ್ರಶ್ನೆ ಅಧಿಕಪ್ರಸಂಗವಲ್ಲವೆಂಬುದು ಕಳೆದ ದಸರೆಯ ರಜೆಯಲ್ಲಿ, ಗಣಕಯಂತ್ರವೊಂದರ ಮುಂದೆ ಕುಳಿತಿದ್ದಾಗ, ನಮಗೆ ಮನವರಿಕೆಯಾಯಿತು. ವಿಷಯವು ಯಂತ್ರಕ್ಕೆ ಸಂಬಂಧಪಟ್ಟುದೆಂದು ವಾಚಕರು ಪುಟವನ್ನು ತಿರುವಿಹಾಕಬೇಕಾದುದಿಲ್ಲ. ನಮಗೆ ಅರ್ಥವಾದಷ್ಟನ್ನೇ ಹೇಳುತ್ತೇವೆ. ಸಂಸ್ಕೃತದ ಮೇಷ್ಟರಿಗೆ ಅರ್ಥವಾದದ್ದು ಮನೆಮಂದಿಗೆಲ್ಲ ಅರ್ಥವಾಗುವುದರಲ್ಲಿ ಸಂದೇಹವಿಲ್ಲ.

ನಾವು ಕಡೆಯದಾಗಿ ಕೆಲಸ ಮಾಡಿದ ಶಾಲೆಯಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಮಿತ್ರರೊಬ್ಬರಿದ್ದರು. ಅವರಿಗೆ ಗಣಕಯಂತ್ರದ ಹುಚ್ಚು. ೨೦೦೯ರಿಂದ ಮೊದಲುಮಾಡಿ ಐದು ವರ್ಷಗಳ ಕಾಲ, ರಾತ್ರಿಯ ಊಟ ಮುಗಿದ ಮೇಲೆ, ಯಾರ ಅಪ್ಪಣೆಯೂ ಇಲ್ಲದೆ ಯಾವ ಪ್ರತಿಫಲವೂ ಇಲ್ಲದೆ, ಅವರು ಒಂದು ತಂತ್ರಾಂಶವನ್ನು ಬರೆದರು. ಮಗುವು "ರಾಮ" ಎಂದು ಕನ್ನಡದ ಅಕ್ಷರಗಳನ್ನು ಒತ್ತಿದರೆ ಎಂಟು ವಿಭಕ್ತಿ, ಮೂರು ವಚನ, ಒಟ್ಟು ಇಪ್ಪತ್ತನಾಲ್ಕು ರೂಪಗಳು ಪರದೆಯ ಮೇಲೆ ಮನೆಮನೆಯಾಗಿ ನಿಲ್ಲುವುವು. ಮರುಕ್ಷಣವೇ ಅವುಗಳಲ್ಲಿ ಕೆಲವು ಮಾಯವಾಗಿ, ಬರಿದಾದ ಮನೆಗಳನ್ನು ತುಂಬೆಂದು ಯಂತ್ರವು ಮಗುವನ್ನು ಕೇಳುವುದು. ತಪ್ಪಿದರೆ ಗದರುವುದಿಲ್ಲ, ಅದೇ ಬಗೆಯ ಇನ್ನೊಂದು ಶಬ್ದವನ್ನು ಪಕ್ಕದಲ್ಲಿ ತೋರಿಸಿ ಸುಮ್ಮನಿರುವುದು.

ರೂಪಗಳು ಸರಿಯೆ ಎಂದು ತಾಳೆನೋಡಲು ಮಿತ್ರರು ನಮ್ಮಲ್ಲಿಗೆ ಬರುತ್ತಿದ್ದರು. ಹೇಳಿಕೊಟ್ಟೆವು, ಆದರೆ ಮನಸ್ಸಿಟ್ಟು ಹೇಳಿಕೊಟ್ಟೆವೆಂದು ಈಗ ಬರೆದರೆ ಸುಳ್ಳಾದೀತು. "ಯಂತ್ರಕ್ಕೆ ವಿಭಕ್ತಿಯ ಗಂಧವೇನು ಗೊತ್ತು, ಸ್ವಾಮಿ? ಬಾಯಿಪಾಠವಿಲ್ಲದ ವ್ಯಾಕರಣ ಉಪ್ಪಿಲ್ಲದ ಸಾರು" ಎಂದು ಒಮ್ಮೆ ಅಂದುಬಿಟ್ಟೆವು. ಅವರು ನಕ್ಕು, "ಯಂತ್ರಕ್ಕೆ ಏನೂ ಗೊತ್ತಿಲ್ಲ, ನಿಜ. ಆದರೆ ಅದಕ್ಕೆ ಬೇಸರವೂ ಇಲ್ಲ. ನೂರನೆಯ ಸಲ ತಪ್ಪಿದ ಹುಡುಗನ ಮೇಲೂ ಅದು ಸಿಟ್ಟಾಗುವುದಿಲ್ಲ" ಎಂದರು. ಮಾತು ಯಾರಿಗೆ ತಾಗಬೇಕೋ ಅವರಿಗೆ ತಾಗಿತು. ಅವರು ಬದುಕಿದ್ದಷ್ಟು ಕಾಲ ಆ ತಂತ್ರಾಂಶವನ್ನು ನಮ್ಮ ತರಗತಿಗೆ ನಾವು ಒಂದು ದಿನವೂ ತರಲಿಲ್ಲ. ಅವರೇ ಶನಿವಾರದ ಮಧ್ಯಾಹ್ನ ಮಕ್ಕಳನ್ನು ಕೂಡಿಸಿಕೊಂಡು ನಡೆಸುತ್ತಿದ್ದರು. ೨೦೧೯ರಲ್ಲಿ ಮಿತ್ರರು ತೀರಿಕೊಂಡರು.

ಆ ತಂತ್ರಾಂಶವಿದ್ದ ಶಾಲೆಯ ಹಳೆಯ ಗಣಕವು ಕಳೆದ ವರ್ಷ ಶಾಶ್ವತವಾಗಿ ಕಣ್ಣುಮುಚ್ಚಿತು. ಅಷ್ಟರಲ್ಲಿ ಹಳೆಯ ವಿದ್ಯಾರ್ಥಿಗಳು ಕೆಲವರು ಸೇರಿ ಅಂಗೈಯಗಲದ ಆರು ಚಿಕ್ಕ ಗಣಕಗಳನ್ನು ಶಾಲೆಗೆ ಕೊಟ್ಟರು. ಮುಖ್ಯೋಪಾಧ್ಯಾಯಿನಿಯವರು ನಮ್ಮ ಮನೆಗೆ ಬಂದು, "ಆ ವಿಭಕ್ತಿಯ ಆಟ ಇದರಲ್ಲಿ ನಡೆಯುವುದಿಲ್ಲವಂತೆ. ಮಕ್ಕಳು ಕೇಳುತ್ತಲೇ ಇದ್ದಾರೆ. ನೀವು ಏನಾದರೂ ದಾರಿ ತೋರಿಸಬೇಕು" ಎಂದರು. ಯಾವ ಬಾಯಿಂದ ಇಲ್ಲವೆನ್ನೋಣ? ಮಿತ್ರರ ಮಗಳು ಬೆಂಗಳೂರಿನಲ್ಲಿ ಇಂಜಿನಿಯರು. ನಮ್ಮ ಶಿಷ್ಯೆಯೂ ಹೌದು. ದಸರೆಗೆ ತಾಯಿಯನ್ನು ನೋಡಲು ಬಂದವಳಿಗೆ ಹೇಳಿಕಳುಹಿಸಿದೆವು. ತಂದೆಯ ಬರಹವಿದ್ದ ಪೆನ್‌ಡ್ರೈವನ್ನು ಆಕೆಯ ತಾಯಿ ದೇವರ ಮನೆಯ ಗೂಡಿನಲ್ಲಿ, ಕುಂಕುಮದ ಭರಣಿಯ ಪಕ್ಕದಲ್ಲಿ, ಜೋಪಾನವಾಗಿ ಇಟ್ಟಿದ್ದರು.

ಹಳೆಯ ಗಣಕದಲ್ಲಿ ನಡೆಯುತ್ತಿದ್ದುದು ಹೊಸದರಲ್ಲಿ ನಡೆಯಲೊಲ್ಲದೇಕೆ? ಗಣಕದ ಮಿದುಳಿಗೆ ಪ್ರೊಸೆಸರ್ ಎಂದು ಹೆಸರು. ಪ್ರೊಸೆಸರುಗಳಲ್ಲಿ ಕುಲಭೇದ ಭಾಷಾಭೇದಗಳುಂಟು. ನಮ್ಮ ಮೇಜಿನ ಮೇಲಿನ ಗಣಕಗಳಲ್ಲಿ ಹೆಚ್ಚಿನವು ಇಂಟೆಲ್ ಸಂಸ್ಥೆಯು ೧೯೭೮ರಲ್ಲಿ ಹೊರತಂದ ೮೦೮೬ ಎಂಬ ಪ್ರೊಸೆಸರಿನ ವಂಶಕ್ಕೆ ಸೇರಿದವು. ನಮ್ಮ ಜೇಬಿನ ದೂರವಾಣಿಗಳಲ್ಲಿರುವುದು ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಏಕಾರ್ನ್ ಎಂಬ ಸಂಸ್ಥೆಯಲ್ಲಿ ೧೯೮೫ರಲ್ಲಿ ಹುಟ್ಟಿದ ಆರ್ಮ್ ಎಂಬ ಬೇರೊಂದು ವಂಶ. ಅದೇ ಕೇಂಬ್ರಿಡ್ಜಿನಿಂದ ೨೦೧೨ರಲ್ಲಿ ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಮೊದಲಾದ ಚಿಕ್ಕ ಗಣಕಗಳಲ್ಲಿರುವುದೂ ಆರ್ಮ್ ಪ್ರೊಸೆಸರೇ. ಶಾಲೆಗೆ ಬಂದವೂ ಆ ಬಗೆಯವೇ. ಒಂದು ವಂಶದ ಆಜ್ಞೆಗಳು ಇನ್ನೊಂದಕ್ಕೆ ಬರಿಯ ಅರ್ಥಹೀನ ಅಂಕಿಗಳು.

ಆದರೆ ಮಿತ್ರರು ಬರೆದುದು ನೇರವಾಗಿ ಆ ಅಂಕಿಗಳಲ್ಲಲ್ಲ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚಿ ಎಂಬವರು ಐವತ್ತು ವರ್ಷಗಳಿಗೂ ಹಿಂದೆ ರೂಪಿಸಿದ "ಸಿ" ಎಂಬ ಭಾಷೆಯಲ್ಲಿ, ಮನುಷ್ಯನು ಓದಿ ತಿಳಿಯುವಂತೆ ಅವರು ಬರೆದಿದ್ದರು. ಇದು ಮೂಲ. ಮೂಲವನ್ನು ಯಂತ್ರದ ಮಾತಿಗೆ ಇಳಿಸುವ ಕೆಲಸ ಕಂಪೈಲರಿನದು. ಮೂಲವೊಂದಿದ್ದರೆ, ಅದನ್ನು ಬೇರೆ ಪ್ರೊಸೆಸರಿನ ಮಾತಿಗೆ ಹೊಸದಾಗಿ ಇಳಿಸಿಕೊಳ್ಳಬಹುದಲ್ಲವೆ? ಬರೆದಿಟ್ಟ ವಿಧಾನವಿದ್ದರೆ ಹಿತ್ತಾಳೆಯ ಪಾತ್ರೆಯಲ್ಲಾದರೇನು, ಕಲ್ಲಿನ ಮರಿಗೆಯಲ್ಲಾದರೇನು, ಅಡಿಗೆ ಅಡಿಗೆಯೇ. ನಾವು ಹಾಗೆ ಭಾವಿಸಿದೆವು. ಆಕೆಯೂ ಮೊದಲು ಹಾಗೆಯೇ ಭಾವಿಸಿದ್ದಳು.

ಮೊದಲನೆಯ ದಿನ ಆಕೆ ಚಿಕ್ಕ ಗಣಕದಲ್ಲಿಯೇ ಕೆಲಸಕ್ಕೆ ತೊಡಗಿದಳು. ಮಿತ್ರರ ತಂತ್ರಾಂಶ ಚಿಕ್ಕದು. ಆದರೆ ಕನ್ನಡದ ಒತ್ತಕ್ಷರಗಳನ್ನು ಪರದೆಯ ಮೇಲೆ ಜೋಡಿಸಲು ಅದು ಬೇರೆಯವರು ಬರೆದ ಬಹು ದೊಡ್ಡದೊಂದು ತಂತ್ರಾಂಶಸಂಗ್ರಹವನ್ನು ಆಶ್ರಯಿಸಿತ್ತು. ಆ ಸಂಗ್ರಹದ ಹಳೆಯ ಆವೃತ್ತಿ ಈಗ ಸಿದ್ಧರೂಪದಲ್ಲಿ ದೊರೆಯದು. ಅದನ್ನೂ ಮೂಲದಿಂದಲೇ ಕಟ್ಟಿಕೊಳ್ಳಬೇಕು. ಚಿಕ್ಕ ಗಣಕಕ್ಕಿದ್ದುದು ೧ ಜಿಬಿ ನೆನಪು. ಕಂಪೈಲರು ಅಷ್ಟನ್ನೂ ನುಂಗಿ ಇನ್ನೂ ಬೇಕೆಂದಿತು; ವ್ಯವಸ್ಥೆಯು ಅದನ್ನು ನಡುವೆಯೇ ನಿಲ್ಲಿಸಿಬಿಟ್ಟಿತು. ಮೂರು ಸಲ ಹೀಗೆಯೇ ಆಯಿತು.

ಎರಡನೆಯ ದಿನ ಆಕೆ ತನ್ನ ದೊಡ್ಡ ಗಣಕವನ್ನು ತೆರೆದಳು. ಅದು ಇಂಟೆಲ್ ವಂಶದ್ದು. ಇಂಟೆಲ್‌ನಲ್ಲಿ ಕುಳಿತು ಆರ್ಮ್‌ನ ಮಾತನ್ನು ಬರೆಯಬಲ್ಲ ಕಂಪೈಲರುಗಳೂ ಉಂಟಂತೆ. ಇಲ್ಲಿ ಒಂದು ತೊಡಕು ಬಂದಿತು. ಮಿತ್ರರ ಏರ್ಪಾಡಿನಲ್ಲಿ ಮೊದಲು ಒಂದು ಪುಟ್ಟ ಸಹಾಯಕ ತಂತ್ರಾಂಶ ಸಿದ್ಧವಾಗುವುದು. ಅದು ಒಡನೆಯೇ ನಡೆದು, ಶಬ್ದಗಳ ಪಟ್ಟಿಯನ್ನು ಓದಿ, ರೂಪಗಳ ಕೋಷ್ಟಕವನ್ನು ತಯಾರಿಸುವುದು. ಆ ಕೋಷ್ಟಕವು ಮುಖ್ಯ ತಂತ್ರಾಂಶದ ಹೊಟ್ಟೆಗೆ ಸೇರುವುದು. ಈಗ ಸಹಾಯಕನು ಆರ್ಮ್‌ನವನಾಗಿ ಹುಟ್ಟಿದನು. ಇಂಟೆಲ್‌ನ ಮನೆಯಲ್ಲಿ ಅವನಿಗೆ ನಡೆಯಲು ಬಾರದು. ಅವನು ನಡೆಯದೆ ಕೋಷ್ಟಕವಿಲ್ಲ; ಕೋಷ್ಟಕವಿಲ್ಲದೆ ಮುಂದಿನ ಹೆಜ್ಜೆಯಿಲ್ಲ.

"ಹಾಗಾದರೆ ಉಳಿದಿರುವುದು ಒಂದೇ ದಾರಿ, ಮೇಷ್ಟ್ರೇ. ಈ ಗಣಕದೊಳಗೇ ಆರ್ಮ್‌ನ ಒಂದು ಮನೆ ಕಟ್ಟಬೇಕು" ಎಂದಳು. ಆಗಲೇ ನಮಗೆ ಅಮರುಕನ ಕಥೆ ನೆನಪಾದುದು.

ಮನೆ ಕಟ್ಟುವುದೆಂದರೆ ಇಷ್ಟು. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯು ಹಲವು ವಂಶಗಳ ಪ್ರೊಸೆಸರುಗಳಿಗೆ ಬೇರೆ ಬೇರೆಯಾಗಿ ಸಿದ್ಧವಾಗಿ ದೊರೆಯುತ್ತದೆ. ಆರ್ಮ್‌ಗೆಂದು ಸಿದ್ಧವಾದುದನ್ನು ಕಂಪೈಲರಿನ ಸಮೇತ ತಂದು ಆಕೆ ತನ್ನ ಗಣಕದ ಒಂದು ಮೂಲೆಯಲ್ಲಿ ಇರಿಸಿದಳು. ಅದಕ್ಕೆ ಜೀವ ತುಂಬುವುದು ಕ್ಯೂಎಮು ಎಂಬ ಎಮ್ಯುಲೇಟರ್. ಎಂದರೆ ಬೇರೊಂದು ಯಂತ್ರವನ್ನು ಅನುಕರಿಸುವ ತಂತ್ರಾಂಶ. ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ ಎಂಬವರು ೨೦೦೩ರಲ್ಲಿ ಇದನ್ನು ಲೋಕಕ್ಕೆ ಕೊಟ್ಟರು. ಇದು ಆರ್ಮ್‌ನ ಆಜ್ಞೆಗಳನ್ನು ಗುಂಪುಗುಂಪಾಗಿ ಓದಿ, ಇಂಟೆಲ್‌ನ ಆಜ್ಞೆಗಳಾಗಿ ಮಾರ್ಪಡಿಸಿ ನಡೆಸುತ್ತದೆ. ಒಮ್ಮೆ ಮಾರ್ಪಡಿಸಿದುದನ್ನು ನೆನಪಿನಲ್ಲಿಟ್ಟುಕೊಂಡು ಮತ್ತೆ ಬಂದಾಗ ಅದನ್ನೇ ಬಳಸುತ್ತದೆ. ಕಚೇರಿಯ ದುಭಾಷಿಯ ಕೆಲಸವೂ ಇದೇ ಅಲ್ಲವೆ?

ಯಾವ ತಂತ್ರಾಂಶಕ್ಕೆ ದುಭಾಷಿ ಬೇಕು, ಯಾವುದಕ್ಕೆ ಬೇಡ ಎಂಬುದು ಗಣಕಕ್ಕೆ ತಿಳಿಯುವುದು ಹೇಗೆ ಎಂದು ಕೇಳಿದೆವು. ಆಕೆ ತೋರಿಸಿದ ಸಂಗತಿ ನಮಗೆ ಬಹಳ ಹಿಡಿಸಿತು. ಲಿನಕ್ಸಿನಲ್ಲಿ ಪ್ರತಿಯೊಂದು ಸಿದ್ಧ ತಂತ್ರಾಂಶವೂ ತನ್ನ ಮೊದಲ ಕೆಲವು ಬೈಟುಗಳಲ್ಲಿ ತಾನು ಯಾವ ಕುಲದವನೆಂದು ಹೇಳಿಕೊಂಡಿರುತ್ತದೆ. ಹತ್ತೊಂಬತ್ತನೆಯ ಬೈಟಿನಲ್ಲಿ ೬೨ ಎಂದಿದ್ದರೆ ಇಂಟೆಲ್ ವಂಶದ ೬೪ ಬಿಟ್‌ನವನು; ೧೮೩ ಎಂದಿದ್ದರೆ ಆರ್ಮ್‌ನ ೬೪ ಬಿಟ್‌ನವನು. ಹಿರಿಯರ ಮುಂದೆ ವಟುವು ಕಿವಿ ಮುಟ್ಟಿಕೊಂಡು ಪ್ರವರವನ್ನು ಹೇಳುವನಷ್ಟೆ? ಪ್ರವರವನ್ನು ಕೇಳಿದೊಡನೆ ಗಣಕವು ಪರಕುಲದವನನ್ನು ದುಭಾಷಿಯ ಕೈಗೆ ಒಪ್ಪಿಸುತ್ತದೆ. ಬಂದವನಿಗೆ ತಾನು ಪರರ ಮನೆಯಲ್ಲಿರುವೆನೆಂಬ ಅರಿವೇ ಇರುವುದಿಲ್ಲ.

ಪಾಣಿನಿಯ ಪ್ರಥಮಾಧ್ಯಾಯದಲ್ಲಿ ಒಂದು ಸೂತ್ರವುಂಟು. ಒಂದರ ಸ್ಥಾನದಲ್ಲಿ ಬಂದು ಕುಳಿತ ಆದೇಶವನ್ನು ಆ ಸ್ಥಾನದ ಹಿಂದಿನ ಒಡೆಯನಂತೆಯೇ ಎಣಿಸಬೇಕು. ಆದರೆ ವರ್ಣವನ್ನೇ ಆಶ್ರಯಿಸಿದ ಕಾರ್ಯಗಳಲ್ಲಿ ಮಾತ್ರ ಹಾಗಲ್ಲ, ಎಂದು ಅದರ ತಾತ್ಪರ್ಯ. ಇದನ್ನು ಆಕೆಗೆ ಹೇಳಿದೆವು. "ಎಮ್ಯುಲೇಟರಿಗೆ ಇದಕ್ಕಿಂತ ಒಳ್ಳೆಯ ಲಕ್ಷಣವನ್ನು ನಾನು ಕಾಲೇಜಿನಲ್ಲಿಯೂ ಕೇಳಲಿಲ್ಲ, ಮೇಷ್ಟ್ರೇ" ಎಂದಳು. ಸೂತ್ರದ ಕಡೆಯ ಭಾಗಕ್ಕೆ ಆಗ ಇಬ್ಬರೂ ಗಮನಕೊಡಲಿಲ್ಲ.

ದುಭಾಷಿಯಿದ್ದ ಕಡೆ ಮಾತು ನಿಧಾನ. ದೊಡ್ಡ ಗಣಕವು ತನ್ನ ಸ್ವಂತ ಭಾಷೆಯಲ್ಲಿ ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಈಗ ಎರಡು ಗಂಟೆ ಹಿಡಿಯಿತು. ಕಾಯುತ್ತ ಜಗಲಿಯಲ್ಲಿ ಕುಳಿತಿದ್ದಾಗ ಆಕೆ ಎರಡು ಕಥೆಗಳನ್ನು ಹೇಳಿದಳು. ಗುರುವಿಗೆ ಶಿಷ್ಯೆಯ ಪಾಠ, ಹೊಟ್ಟೆಕಿಚ್ಚಿಲ್ಲದೆ ಕೇಳಿದೆವು.

ಮೊದಲನೆಯದು ೧೯೭೫ರದು. ಅಮೆರಿಕದಲ್ಲಿ ಆಲ್ಟೇರ್ ಎಂಬ ಚಿಕ್ಕ ಗಣಕದ ಸುದ್ದಿಯನ್ನು ಪತ್ರಿಕೆಯೊಂದರಲ್ಲಿ ಓದಿದ ಪಾಲ್ ಆಲೆನ್, ಬಿಲ್ ಗೇಟ್ಸ್ ಎಂಬ ಇಬ್ಬರು ತರುಣರು, ಅದಕ್ಕೆ ಬೇಸಿಕ್ ಭಾಷೆಯನ್ನು ನಾವು ಒದಗಿಸುತ್ತೇವೆಂದು ಅದರ ತಯಾರಕರಿಗೆ ಮಾತು ಕೊಟ್ಟರು. ಅವರ ಬಳಿ ಆಲ್ಟೇರ್ ಇರಲೇ ಇಲ್ಲ. ಅದರಲ್ಲಿದ್ದ ಇಂಟೆಲ್ ೮೦೮೦ ಪ್ರೊಸೆಸರಿನ ಕೈಪಿಡಿಯನ್ನು ಓದಿ, ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪಿಡಿಪಿ-೧೦ ಎಂಬ ದೊಡ್ಡ ಗಣಕದಲ್ಲಿ ಆಲೆನ್ನರು ಅದರ ಅನುಕರಣವನ್ನು ನಿರ್ಮಿಸಿದರು. ಆ ಅನುಕರಣದೊಳಗೆಯೇ ಬೇಸಿಕ್ ಬೆಳೆಯಿತು. ಅದನ್ನು ಕಾಗದದ ಸುರುಳಿಯ ಮೇಲೆ ತೂತುಗಳಾಗಿ ಇಳಿಸಿಕೊಂಡು ಆಲೆನ್ನರು ವಿಮಾನದಲ್ಲಿ ಆಲ್ಬುಕರ್ಕಿಗೆ ಹೊರಟರು. ಊರು ಹತ್ತಿರವಾದಾಗ ನೆನಪಾಯಿತು: ಆ ಸುರುಳಿಯನ್ನು ಗಣಕದೊಳಕ್ಕೆ ಓದಿಸಿಕೊಳ್ಳುವ ಮೊದಲ ನಾಲ್ಕು ಮಾತುಗಳನ್ನೇ ಬರೆದಿಲ್ಲ! ವಿಮಾನದಲ್ಲಿ ಕುಳಿತೇ ಅದನ್ನು ಬರೆದರು. ಮಾರನೆಯ ದಿನ, ತಾವು ಎಂದೂ ಮುಟ್ಟಿರದ ಆ ಯಂತ್ರಕ್ಕೆ ಎರಡೂ ಎರಡೂ ಎಷ್ಟೆಂದು ಕೇಳಿದರೆ, ನಾಲ್ಕು ಎಂದಿತು.

ಎರಡನೆಯದು ಆರ್ಮ್‌ನದೇ ಜನ್ಮವೃತ್ತಾಂತ. ಸೋಫೀ ವಿಲ್ಸನ್, ಸ್ಟೀವ್ ಫರ್ಬರ್ ಎಂಬಿಬ್ಬರು ಅದನ್ನು ರೂಪಿಸಿದರು. ಚಿಪ್ಪು ತಯಾರಾಗುವುದಕ್ಕೆ ಮೊದಲೇ, ಬಿಬಿಸಿ ಮೈಕ್ರೋ ಎಂಬ ಶಾಲಾಮಕ್ಕಳ ಗಣಕದಲ್ಲಿ, ಬೇಸಿಕ್ ಭಾಷೆಯಲ್ಲಿ, ಅದರ ನಡೆಯನ್ನು ಅನುಕರಿಸಿ ನೋಡಿದರು. ೧೯೮೫ರ ಏಪ್ರಿಲ್ ೨೬ರಂದು ನಿಜವಾದ ಚಿಪ್ಪು ಕೈಸೇರಿದಾಗ ಅದು ನಡೆಯಿತು. "ಅಂದರೆ ಆರ್ಮ್ ಮೊದಲು ಪರದೇಹದಲ್ಲಿಯೇ ಬದುಕಿತ್ತು, ಸ್ವದೇಹ ಆಮೇಲೆ ಬಂತು" ಎಂದಳು. ಅಮರುಕನ ಕಥೆಯನ್ನು ಆಕೆಗೆ ಹೇಳಿದ್ದವರು ನಾವೇ ಎಂಬ ಸಂತೋಷದಲ್ಲಿ ಕಾಫಿ ಆರಿಹೋದುದು ತಿಳಿಯಲಿಲ್ಲ.

ಸಂಜೆಯ ಹೊತ್ತಿಗೆ ಕಟ್ಟುವಿಕೆ ಮುಗಿಯಿತು. ದೋಷವೊಂದೂ ವರದಿಯಾಗಲಿಲ್ಲ. ಅನುಕರಣದ ಮನೆಯಲ್ಲಿಯೇ ತಂತ್ರಾಂಶವನ್ನು ತೆರೆದಳು. ಮಿತ್ರರ ಹೆಸರಿನ ಮೊದಲ ಪುಟ ಬಂದಿತು. ಇಪ್ಪತ್ತನಾಲ್ಕು ಮನೆಗಳ ಚೌಕಟ್ಟು ಬಂದಿತು. ಮನೆಗಳೆಲ್ಲ ಬರಿದು. "ರಾಮ" ಎಂದು ಒತ್ತಿದರೂ ಬರಿದು, "ಹರಿ" ಎಂದು ಒತ್ತಿದರೂ ಬರಿದು. ಯಂತ್ರವು ಕೆಟ್ಟಿರಲಿಲ್ಲ, ಕೂಗಿಕೊಳ್ಳಲಿಲ್ಲ. ಸುಮ್ಮನೆ ಏನನ್ನೂ ಹೇಳದೆ ಕುಳಿತಿತ್ತು. ಅದೇ ಮೂಲವನ್ನು ಇಂಟೆಲ್‌ನಲ್ಲಿ ಕಟ್ಟಿ ನೋಡಿದರೆ ಇಪ್ಪತ್ತನಾಲ್ಕು ರೂಪಗಳೂ ಸರಿಯಾಗಿ ಬಂದುವು.

ದುಭಾಷಿಯೇ ತಪ್ಪಿದನೆಂದು ನಾವು ತೀರ್ಪು ಕೊಟ್ಟೆವು. ಆಕೆ ಒಪ್ಪಲಿಲ್ಲ. ರಾತ್ರಿ ಹನ್ನೊಂದರವರೆಗೆ ತಂದೆಯ ಬರಹವನ್ನು ಸಾಲುಸಾಲಾಗಿ ಓದಿದಳು. ಕೊನೆಗೆ "ಕ" ಎಂಬ ಒಂದೇ ಅಕ್ಷರವನ್ನು ಎರಡು ಕಡೆಗೂ ಕೊಟ್ಟು, ಅದನ್ನು ನೀವು ಏನೆಂದು ಎಣಿಸುತ್ತೀರೆಂದು ಕೇಳಿದಳು. ಕನ್ನಡದ ಒಂದೊಂದು ಅಕ್ಷರಚಿಹ್ನೆಯನ್ನೂ ಗಣಕವು ಸಾಮಾನ್ಯವಾಗಿ ಮೂರು ಬೈಟುಗಳಲ್ಲಿ ಇಡುತ್ತದೆ. ಆರ್ಮ್ ಹೇಳಿತು: ೨೨೪, ೧೭೮, ೧೪೯. ಇಂಟೆಲ್ ಹೇಳಿತು: ಋಣ ೩೨, ಋಣ ೭೮, ಋಣ ೧೦೭. ಕಾಗದದ ಮೇಲೆ ಎರಡನ್ನೂ ಪಕ್ಕಪಕ್ಕ ಬರೆದಿಟ್ಟಾಗ, ನಾವು ಏನೂ ತಿಳಿಯದವರು, "ಇವುಗಳ ಅಂತರವೆಷ್ಟು, ಮಗು?" ಎಂದು ಕೇಳಿದೆವು. ಕಳೆದು ನೋಡಿದಳು. ಮೂರರಲ್ಲಿಯೂ ೨೫೬. "ಸಿಕ್ಕಿತು!" ಎಂದು ಎದ್ದೇಬಿಟ್ಟಳು.

ಆಕೆ ವಿವರಿಸಿದುದು ಇದು. ಒಂದು ಬೈಟಿನಲ್ಲಿ ೨೫೬ ಬೆಲೆಗಳಿಗೆ ಸ್ಥಳವುಂಟು. ಅವುಗಳನ್ನು ಸೊನ್ನೆಯಿಂದ ೨೫೫ರವರೆಗೆ ಎಣಿಸಬಹುದು. ಅಥವಾ ಅರ್ಧವನ್ನು ಋಣಕ್ಕೆ ಬಿಟ್ಟು, ಋಣ ೧೨೮ರಿಂದ ಧನ ೧೨೭ರವರೆಗೆ ಎಣಿಸಬಹುದು. ಅಕ್ಷರವನ್ನು ಇಡುವ ಬೈಟನ್ನು ಯಾವ ಬಗೆಯಲ್ಲಿ ಎಣಿಸಬೇಕೆಂಬುದನ್ನು ಸಿ ಭಾಷೆಯು ಗೊತ್ತುಮಾಡದೆ ಆಯಾ ಯಂತ್ರದ ಕಂಪೈಲರಿಗೆ ಬಿಟ್ಟುಬಿಟ್ಟಿದೆ. ಇಂಟೆಲ್‌ನಲ್ಲಿ ಋಣವುಂಟು. ಮೊದಮೊದಲಿನ ಆರ್ಮ್‌ಗಳಲ್ಲಿ ಬೈಟನ್ನು ಋಣಚಿಹ್ನೆಯೊಡನೆ ನೆನಪಿನಿಂದ ತರುವ ಆಜ್ಞೆಯೇ ಇರಲಿಲ್ಲವಾದ ಕಾರಣ, ಋಣವಿಲ್ಲದೆ ಎಣಿಸುವುದೇ ಅಲ್ಲಿ ವಾಡಿಕೆಯಾಯಿತು. ಲಿನಕ್ಸಿನ ಆರ್ಮ್‌ಗಳಲ್ಲಿ ಅದು ಇಂದಿಗೂ ಉಳಿದಿದೆ. ಇಂಗ್ಲಿಷ್ ಅಕ್ಷರಗಳೆಲ್ಲ ೧೨೭ರೊಳಗೇ ಮುಗಿಯುವುದರಿಂದ ಅವುಗಳಿಗೆ ಈ ಭೇದ ತಟ್ಟುವುದು ಅಪರೂಪ. ಕನ್ನಡದ ಬೈಟುಗಳೆಲ್ಲ ೧೨೭ರ ಆಚೆ. ಹಿಂದಿನ ಕಾಲದಲ್ಲಿ "ಒಂದು ಸೇರು ಅಕ್ಕಿ" ಎಂದು ಬರೆದಿಟ್ಟರೆ ಕಚ್ಚಾ ಸೇರೋ ಪಕ್ಕಾ ಸೇರೋ ಎಂದು ಬರೆಯುತ್ತಿರಲಿಲ್ಲ. ಬರೆದವರ ಊರಿನಲ್ಲಿ ಅದು ಎಲ್ಲರಿಗೂ ಗೊತ್ತು. ಸೊಸೆ ಬೇರೆ ಊರಿನಿಂದ ಬಂದಾಗ ಮಾತ್ರ ಪೊಂಗಲು ಕೆಡುತ್ತಿತ್ತು.

ಮಿತ್ರರು ತಮ್ಮ ಮೂಲದಲ್ಲಿ, ಬಂದ ಬೈಟು ಸೊನ್ನೆಗಿಂತ ಕಡಿಮೆಯಾದರೆ ಅದು ಕನ್ನಡ, ಇಲ್ಲದಿದ್ದರೆ ಬೇರೆ, ಎಂದು ಪರೀಕ್ಷಿಸಿದ್ದರು. ಆರ್ಮ್‌ನ ಮನೆಯಲ್ಲಿ ಯಾವ ಬೈಟೂ ಸೊನ್ನೆಗಿಂತ ಕಡಿಮೆಯಾಗದು. ಸಹಾಯಕನು ಶಬ್ದಗಳ ಪಟ್ಟಿಯನ್ನು ಆದ್ಯಂತವಾಗಿ ಓದಿ, ಇದರಲ್ಲಿ ಕನ್ನಡವೇ ಇಲ್ಲವೆಂದು ಬರಿಯ ಕೋಷ್ಟಕವನ್ನು ಕೊಟ್ಟಿದ್ದನು. ಪಾಣಿನಿಯ ಸೂತ್ರದ ಕಡೆಯ ಭಾಗ ಆಗ ನೆನಪಿಗೆ ಬಂದಿತು. ಹೋಲಿಕೆ ಕಾಕತಾಳೀಯವೆಂದು ಬಲ್ಲೆವು. ದುಭಾಷಿಯು ಇಲ್ಲಿ ತಪ್ಪಿರಲಿಲ್ಲ. ಆರ್ಮ್ ಹೇಗೆ ಎಣಿಸುವುದೋ ಹಾಗೆಯೇ ಎಣಿಸಿ ತೋರಿಸಿದ್ದನು. ಆದರೂ ತೊಡಕು ವರ್ಣದಲ್ಲಿಯೇ ಇದ್ದಿತು.

ಆ ಪರೀಕ್ಷೆಯ ಸಾಲಿನ ಪಕ್ಕದಲ್ಲಿ ಮಿತ್ರರು ಕನ್ನಡದಲ್ಲಿ ಒಂದು ಟಿಪ್ಪಣಿಯನ್ನು ಬರೆದಿದ್ದರು: "ಋಣವಾದರೆ ನಮ್ಮ ಅಕ್ಷರ." ಮಗಳು ಅದನ್ನು ಓದಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇದನ್ನು ಮುಟ್ಟದೆಯೇ ಸರಿಮಾಡಬಹುದು, ಮೇಷ್ಟ್ರೇ. ಋಣವಿಟ್ಟು ಎಣಿಸೆಂದು ಹೊರಗಿನಿಂದ ಕಂಪೈಲರಿಗೆ ಒಂದು ಮಾತು ಹೇಳಿದರೆ ಸಾಕು. ಅಪ್ಪ ಬರೆದದ್ದು ಬರೆದಂತೆಯೇ ಇರುತ್ತದೆ" ಎಂದಳು.

ನಮಗೆ ಅದೇ ಸರಿಯೆಂದು ತೋರಿತು. ಓಲೆಯ ಪ್ರತಿಗಳನ್ನು ಶೋಧಿಸುವಾಗ ಮೂಲವನ್ನು ಮುಟ್ಟಬಾರದು, ತಿದ್ದುಪಡಿಯನ್ನು ಅಡಿಟಿಪ್ಪಣಿಯಲ್ಲಿ ಸೂಚಿಸಬೇಕು ಎಂಬುದು ನಾವು ನಮ್ಮ ಗುರುಗಳಿಂದ ಕಲಿತ ನಿಯಮ. ಮೇಲಾಗಿ, ಮಿತ್ರರು ಜೀವದಿಂದಿದ್ದಾಗ ಅವರ ಕೆಲಸವನ್ನು ಹಗುರಮಾಡಿ ಮಾತಾಡಿದವರು, ಅವರು ಹೋದಮೇಲೆ ಅದರಲ್ಲಿ ತಪ್ಪು ತೋರಿಸುವುದೆ? "ಹಾಗೆಯೇ ಮಾಡು, ತಾಯಿ. ಮೂಲಕ್ಕೆ ಕೈಹಚ್ಚಬೇಡ" ಎಂದು ಹೇಳಿ ಮಲಗಲು ಹೋದೆವು.

ಬೆಳಿಗ್ಗೆ ಎದ್ದಾಗ ಆಕೆಯ ಮನಸ್ಸು ತಿರುಗಿತ್ತು. "ಯೋಚನೆ ಮಾಡಿದೆ, ಮೇಷ್ಟ್ರೇ. ಆ ಹೊರಗಿನ ಮಾತು ಈಗ ನನಗೆ ಗೊತ್ತು, ನಿಮಗೆ ಗೊತ್ತು. ಹತ್ತು ವರ್ಷದ ಮೇಲೆ ಇದನ್ನು ಇನ್ನೊಂದು ಗಣಕಕ್ಕೆ ಕಟ್ಟುವವರಿಗೆ ಯಾರು ಹೇಳುತ್ತಾರೆ? ಅವರಿಗೆ ಮತ್ತೆ ಬರಿಯ ಮನೆಗಳೇ ಕಾಣುತ್ತವೆ. ಬರೆದವರಿಗೆ ಬರುತ್ತಿರಲಿಲ್ಲ ಎಂದುಕೊಂಡು ಎಸೆದುಬಿಡುತ್ತಾರೆ. ಅಪ್ಪನ ಸಾಲು ಉಳಿಯಬೇಕೋ, ಅಪ್ಪನ ಕೆಲಸ ಉಳಿಯಬೇಕೋ?" ಎಂದಳು. ನಮ್ಮ ಬಳಿ ಉತ್ತರವಿರಲಿಲ್ಲ. ಓಲೆಗರಿಯು ಓದುವುದಕ್ಕಾಗಿ ಉಂಟು. ಇದು ನಡೆಯುವುದಕ್ಕಾಗಿ ಬರೆದುದು. ನಿಲ್ಲಿಸಿ ಪೂಜಿಸಿದರೆ ಸತ್ತಂತೆಯೇ.

ಹನ್ನೊಂದು ಕಡೆಗಳಲ್ಲಿ ಆಕೆ ತಿದ್ದಿದಳು. ಎಲ್ಲ ಯಂತ್ರಗಳಲ್ಲಿಯೂ ಒಂದೇ ಅರ್ಥವಾಗುವಂತೆ, ಬೈಟನ್ನು ಋಣವಿಲ್ಲದೆ ಎಣಿಸತಕ್ಕದ್ದೆಂದು ಸ್ಪಷ್ಟವಾಗಿ ಬರೆದು, ೧೨೭ನ್ನು ಮೀರಿದರೆ ಕನ್ನಡ ಎಂದು ಪರೀಕ್ಷೆಯನ್ನು ಬದಲಾಯಿಸಿದಳು. ತಂದೆಯ ಟಿಪ್ಪಣಿಯನ್ನು ಮಾತ್ರ ಅಳಿಸಲಿಲ್ಲ. ಅದರ ಕೆಳಗೆ, "ಅಪ್ಪನ ಗಣಕದಲ್ಲಿ ಹಾಗೆ. ಎಲ್ಲ ಗಣಕಗಳಲ್ಲಿಯೂ ನಡೆಯಲೆಂದು ಹೀಗೆ ಬದಲಾಯಿಸಿದೆ" ಎಂದು ಬರೆದಳು. ಇನ್ನೆರಡು ಗಂಟೆಗಳ ದುಭಾಷಿಯ ಕೆಲಸವಾದ ಮೇಲೆ ಇಪ್ಪತ್ತನಾಲ್ಕು ಮನೆಗಳೂ ತುಂಬಿದುವು. ಒಂದೊಂದನ್ನೂ ನಾವು ತಾಳೆನೋಡಿದೆವು. ಈ ಸಲ ಮನಸ್ಸಿಟ್ಟು ನೋಡಿದೆವು.

ಆ ಎರಡು ಗಂಟೆಗಳಲ್ಲಿ ಬೇರೊಂದು ವಿಚಾರ ನಮ್ಮನ್ನು ಬಿಡದೆ ಕಾಡಿತು. ಬಾಗೇಪಲ್ಲಿ ಕಡೆಯ ಆ ಹುಡುಗನ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ನಮ್ಮ ಗಂಟೆಯಲ್ಲಿ ಸಂಸ್ಕೃತ. ನಾವು ಕೇಳಿದ ಪ್ರತಿಯೊಂದು ಪ್ರಶ್ನೆಯನ್ನೂ ಅವನು ಒಳಗೆ ಮಾರ್ಪಡಿಸಿಕೊಳ್ಳಬೇಕಾಗಿತ್ತು. ಉತ್ತರವನ್ನು ಮತ್ತೆ ಹಿಂದಕ್ಕೆ ಮಾರ್ಪಡಿಸಿ ಹೇಳಬೇಕಾಗಿತ್ತು. ಆದುದರಿಂದ ಅವನು ನಿಧಾನ. ನಾವು ವರದಿಯ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ "ಮಂದ" ಎಂದು ಬರೆದೆವು. ಗಣಕವು ಇಮ್ಮಡಿ ದುಡಿಮೆಯಿಂದ ನಿಧಾನವಾದರೆ ಎರಡು ಗಂಟೆ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕಾದೆವು. ಹನ್ನೆರಡು ವರ್ಷದ ಮಗುವಿಗಾಗಿ ಎರಡು ನಿಮಿಷ ಕಾಯಲಾರದೆ ಹೋದೆವು. ಪರಕಾಯದಲ್ಲಿದ್ದವನು ಯಾವ ಭಾಷೆಯಲ್ಲಿ ಮಾತಾಡುತ್ತಾನೆಂದು ಆ ತರಗತಿಯಲ್ಲಿ ಕೇಳುವ ಅಧಿಕಾರವಿದ್ದವನು ಅವನೊಬ್ಬನೇ. ಅವನ ಅಕ್ಷರಗಳಲ್ಲಿಯೂ ದೋಷವಿರಲಿಲ್ಲ. ಎಣಿಸುವ ನಾವು ನಮ್ಮ ವಾಡಿಕೆಯಂತೆ ಋಣವೆಂದು ಎಣಿಸಿದೆವು. ಅವನು ಈಗ ಎಲ್ಲಿರುವನೋ ತಿಳಿಯದು. ಈ ಪುಟ ಅವನ ಕಣ್ಣಿಗೆ ಬಿದ್ದರೆ, ಬೆಂಚಿನಿಂದ ಇಳಿದು ಕುಳಿತುಕೊಳ್ಳಬಹುದೆಂದು ನಮ್ಮ ಪ್ರಾರ್ಥನೆ.

ವಿಜಯದಶಮಿಯ ನಂತರ ಶಾಲೆ ತೆರೆದ ದಿನ ಇಬ್ಬರೂ ಹೋದೆವು. ಮಕ್ಕಳು ಸುತ್ತಲೂ ನೆರೆದಿದ್ದರು. ಮೊದಲನೆಯ ಗಣಕವನ್ನು ಹೊತ್ತಿಸಿ ತಂತ್ರಾಂಶವನ್ನು ತೆರೆದರೆ, ಇಪ್ಪತ್ತನಾಲ್ಕು ಮನೆಗಳಲ್ಲಿಯೂ ಅಕ್ಷರಗಳಿಗೆ ಬದಲಾಗಿ ಪುಟ್ಟ ಪುಟ್ಟ ಚೌಕಗಳು! ನಮ್ಮ ಎದೆ ಧಸಕ್ಕೆಂದಿತು. ಆಕೆ ಹಣೆಗೆ ಕೈಯಿಟ್ಟುಕೊಂಡು ನಕ್ಕಳು. ಅನುಕರಣದ ಮನೆಗೆ ಕನ್ನಡದ ಫಾಂಟನ್ನು ಮೊದಲ ದಿನವೇ ತುಂಬಿದ್ದವಳು, ಶಾಲೆಯ ಗಣಕಗಳಿಗೆ ತುಂಬುವುದನ್ನು ಮರೆತಿದ್ದಳು. "ಆಲೆನ್ನರ ವಿಮಾನ ಇಳಿಯಿತು, ಮೇಷ್ಟ್ರೇ" ಎಂದಳು. ಅನುಕರಣ ಎಷ್ಟೇ ನಿಷ್ಠೆಯದಾದರೂ ಕಡೆಯ ಪರೀಕ್ಷೆ ನಿಜವಾದ ಯಂತ್ರದ ಮುಂದೆಯೇ ಆಗಬೇಕು. ಆರೂ ಗಣಕಗಳಿಗೆ ಅಕ್ಷರವನ್ನು ತುಂಬಲು ಕಾಲು ಗಂಟೆ ಹಿಡಿಯಿತು.

ಎಲ್ಲಕ್ಕಿಂತ ಮುಂದೆ ಕುಳಿತಿದ್ದ ಹುಡುಗಿಯೊಬ್ಬಳು "ನದೀ" ಎಂದು ಒತ್ತಿದಳು. ರೂಪಗಳು ಬಂದು ನಿಂತು, ಕೆಲವು ಮಾಯವಾದುವು. ತೃತೀಯಾ ಏಕವಚನದ ಮನೆಯಲ್ಲಿ ಆಕೆ ತಪ್ಪು ತುಂಬಿದಳು. ತಿದ್ದಬೇಕೆಂದು ನಮ್ಮ ಬಾಯಿ ತೆರೆಯಿತು, ಮಿತ್ರರ ಮಗಳು ನಮ್ಮ ಕಡೆ ನೋಡಿದಳು, ಬಾಯಿ ಮುಚ್ಚಿಕೊಂಡೆವು. ಯಂತ್ರವು ಪಕ್ಕದಲ್ಲಿ "ಗೌರೀ" ಶಬ್ದದ ರೂಪವನ್ನು ತೋರಿಸಿ ಸುಮ್ಮನಿತ್ತು. ಹುಡುಗಿ ತುಟಿಯಲ್ಲಿಯೇ ಏನನ್ನೋ ಹೇಳಿಕೊಳ್ಳುತ್ತ ಬಹಳ ಹೊತ್ತು ಯೋಚಿಸಿದಳು. ಯಾವ ಭಾಷೆಯಲ್ಲಿ ಹೇಳಿಕೊಂಡಳೋ ನಮಗೆ ಕೇಳಿಸಲಿಲ್ಲ. ಆಮೇಲೆ "ನದ್ಯಾ" ಎಂದು ತುಂಬಿ, ಮುಂದಿನ ಮನೆಗೆ ಹೋದಳು.